ಸೌಟಿನ ಕೊಕ್ಕೆ

ಅಡುಗೆಮನೆಯ ಮೇಜಿನಿಂದ,
ಏಳನೇ ತಾರೀಖು, ಭಾನುವಾರ ಮಧ್ಯಾಹ್ನ

ಅತ್ತೆಯವರಿಗೆ,

‘ಪ್ರೀತಿಯ’ ಎಂದು ಶುರು ಮಾಡಿದ್ದೆ. ಹೊಡೆದುಹಾಕಿದೆ. ಒಂದು ಒಳ್ಳೆಯ ಹಾಳೆ ದಂಡವಾಯಿತು, ಇದು ಎರಡನೆಯದು. ನಿಮ್ಮ ಮಂಡಿನೋವು ಹೇಗಿದೆ? ಬೆಳಿಗ್ಗೆ ಎದ್ದಕೂಡಲೇ ಗೋಡೆ ಹಿಡಿದುಕೊಳ್ಳುವುದು ಕಡಿಮೆಯಾಗಿದೆಯೋ ಇಲ್ಲವೋ? ನೀವು ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಇಲ್ಲೇ ಕಿಟಕಿಯಲ್ಲಿದೆ. ಮರೆತು ಹೋದಿರೋ, ನಾನು ದಿನಾ ಅದನ್ನು ನೋಡಿ ಕೊರಗಲಿ ಎಂದು ಬಿಟ್ಟು ಹೋದಿರೋ, ನಿಮಗೇ ಗೊತ್ತು. ನಾನೇನೂ ಕೊರಗುತ್ತಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಿದ್ದೆ, ನಾಲ್ಕು ಸಲ. ನಾಲ್ಕು ಸಲವೂ ನಿಮ್ಮ ಮಗಳು ಎತ್ತಿಕೊಂಡು, ಅಮ್ಮ ಮಲಗಿದ್ದಾರೆ ಎಂದಳು. ಬೆಳಿಗ್ಗೆ ಹತ್ತು ಗಂಟೆಗೆ ಮಲಗುವ ಹೆಂಗಸನ್ನು ನಾನು ಈ ಮನೆಯಲ್ಲಿ ಎಂಟು ವರ್ಷ ನೋಡಿಲ್ಲ. ಹಿಂದಿನಿಂದ ನಿಮ್ಮ ಕೆಮ್ಮು ಬೇರೆ ಕೇಳುತ್ತಿತ್ತು. ಅದಕ್ಕೇ ಕಾಗದ. ಇದನ್ನಾದರೂ ನಾದಿನಿಯ ಕೈಗೆ ಕೊಡದೆ ನೀವೇ ಓದಿಕೊಳ್ಳಿ.

ನೀವು ಇಲ್ಲದೆ ಮನೆ ನಿಂತುಹೋಗುತ್ತದೆ ಎಂದುಕೊಂಡಿದ್ದರೆ, ಇಲ್ಲ, ನಡೆಯುತ್ತಿದೆ. ಆರಕ್ಕೆ ಹಾಲು ಕಾಯುತ್ತದೆ. ಏಳಕ್ಕೆ ನಿಮ್ಮ ಮಗ ತಮ್ಮ ಷರ್ಟನ್ನು ತಾವೇ ಇಸ್ತ್ರಿ ಮಾಡಿಕೊಳ್ಳುತ್ತಾರೆ, ಕಾಲರ್ ಬಿಟ್ಟು. ಏಳೂವರೆಗೆ ನಿಮ್ಮ ಮೊಮ್ಮಗಳು ಪಿಟೀಲಿಗೆ ಜಡೆ, ಏಳೂಮುಕ್ಕಾಲಿಗೆ ಶಾಲೆಯ ವ್ಯಾನು. ಮಗುವಾಗಿದ್ದಾಗ ಕುಯ್ ಕುಯ್ ಅಂತಿದ್ದಳು ಎಂದು ನೀವು ಇಟ್ಟ ಹೆಸರು ಅದು. ನನಗೆ ಇಷ್ಟವಿರಲಿಲ್ಲ, ಈಗ ನನ್ನ ಬಾಯಲ್ಲೂ ಅದೇ ಬರುತ್ತದೆ. ಸೌಟು ಒಲೆಯ ಬಲಗಡೆ, ನಾನು ಹಾಕಿಸಿದ ಕೊಕ್ಕೆಯಲ್ಲೇ ನೇತಾಡುತ್ತಿದೆ. ಎಂಟು ವರ್ಷ ನಮ್ಮಿಬ್ಬರದ್ದು ಅದೊಂದೇ ಯುದ್ಧ ಎನ್ನಬಹುದು. ಭಾನುವಾರ ನಾನು ಸೌಟು, ಚಾಕು, ಚಹಾದ ಪಾತ್ರೆ ಎಲ್ಲ ಬಲಗಡೆ ಜೋಡಿಸುತ್ತಿದ್ದೆ. ಸೋಮವಾರ ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಎಲ್ಲ ಎಡಗಡೆಗೆ ಹೋಗಿರುತ್ತಿತ್ತು. ಬೇಕೆಂದೇ ಮಾಡುತ್ತೀರಿ ಎಂದು ಮೈ ಉರಿಯುತ್ತಿತ್ತು. ಕೊನೆಗೆ ನಿಮ್ಮ ಮಗನಿಂದ ಬಲಗಡೆ ಗೋಡೆ ಕೊರೆಸಿ, ಎರಡು ಸ್ಕ್ರೂ ಹೊಡೆಸಿ, ಇನ್ನು ಇದು ಇಲ್ಲೇ ಎಂದೆ. ನೀವು ಜಗಳವಾಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು. “ಆಯ್ತಮ್ಮ, ನಿನ್ನ ಮನೆ” ಎಂದಿರಿ, ಮಂಗಳವಾರ ಬ್ಯಾಗು ತೆಗೆದುಕೊಂಡು ಮಗಳ ಮನೆಗೆ ಹೊರಟೇಹೋದಿರಿ. ಇವತ್ತಿಗೆ ಎರಡು ತಿಂಗಳು.

ಈ ಕಾಗದ ಕ್ಷಮೆ ಕೇಳುವುದಕ್ಕಲ್ಲ, ಮೊದಲೇ ಹೇಳಿಬಿಡುತ್ತೇನೆ. ಪಿಟೀಲಿನ ವಿಷಯ. ಬರುವ ಹದಿನೆಂಟನೇ ತಾರೀಖು, ಗುರುವಾರ, ಅವಳು ಟೀಚರ ಎದುರು ಕೂತು ಐದು ಸಾಲು ಬರೆದು, ಒಂದು ಚಿತ್ರ ಕತ್ತರಿಸಿ ಅಂಟಿಸಿ ತೋರಿಸಬೇಕು. ಆಗದಿದ್ದರೆ ಮುಂದಿನ ತಿಂಗಳಿಂದ ಕೆಳಗಿನ ತರಗತಿಯಲ್ಲಿ, ಐದು ವರ್ಷದ ಮಕ್ಕಳ ಜೊತೆ ಕೂರಿಸುತ್ತಾರಂತೆ. ಏಳು ವರ್ಷದ ಹುಡುಗಿ, ನೂರರವರೆಗೆ ಹಿಂದೆ ಮುಂದೆ ಎಣಿಸುವವಳು, ಓದಲು ಕೊಟ್ಟರೆ ಗಂಟಲು ಹರಿಯುವ ಹಾಗೆ ಓದುವವಳು. ಕೈ ಮಾತ್ರ ಓಡುವುದಿಲ್ಲ ಎನ್ನುತ್ತಾರೆ. ನೀವು ಹೋದ ನಾಲ್ಕನೇ ವಾರಕ್ಕೇ ಡೈರಿಯಲ್ಲಿ ಚೀಟಿ ಬಂದಿತ್ತು, ಮನೆಯ ಕೆಲಸ ಇದ್ದಕ್ಕಿದ್ದಂತೆ ಹಾಳಾಗಿದೆ, ಗಮನಿಸಿ ಅಂತ. ಗಮನಿಸಿದೆ. ಅಜ್ಜಿ ಮುದ್ದು ಮಾಡಿ ಸೋಮಾರಿ ಮಾಡಿಟ್ಟಿದ್ದಾರೆ ಎಂದುಕೊಂಡು ದಿನಾ ಸಂಜೆ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಅವಳು ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಹಲ್ಲು ಕಚ್ಚಿಕೊಂಡು ಬರೆದಳು, ಅಕ್ಷರಗಳೆಲ್ಲ ಸಾಲು ಬಿಟ್ಟು ಬೀದಿಗೆ ಬಿದ್ದವು. ನಾನು ಅಳಿಸಿ ಮತ್ತೆ ಬರೆಸಿದೆ. ಹಾಳೆ ತೂತು ಬೀಳುವವರೆಗೆ ಅಳಿಸಿದ್ದೂ ಇದೆ. ಸ್ಕೇಲನ್ನು ಮೇಜಿಗೆ ಬಡಿದಿದ್ದೂ ಇದೆ. ಅವಳಿಗೆ ಬಡಿಯಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಹೋದ ತಿಂಗಳ ಕೊನೆಯ ಶುಕ್ರವಾರ ಟೀಚರು ಕರೆಸಿದರು. ಅರ್ಧ ದಿನ ರಜೆ ಹಾಕಿ ಹೋದೆ. ಮಕ್ಕಳ ಬೆಂಚಿನ ಮೇಲೆ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂರಿಸಿ, ಅವಳ ಕರಕುಶಲದ ಎರಡು ಪುಸ್ತಕಗಳನ್ನು ಮುಂದಿಟ್ಟರು. ಒಂದು ನೀವಿದ್ದಾಗಿನದು, ಒಂದು ಈಗಿನದು. ಈಗಿನದರಲ್ಲಿ ಚಿಟ್ಟೆಯನ್ನು ಇಲಿ ಕಡಿದ ಹಾಗಿದೆ. ಹಳೆಯದರಲ್ಲಿ ಮೀನು, ಎಲೆ, ಕಿರೀಟ, ಗಾಳಿಪಟ, ಒಂದೊಂದೂ ಅಚ್ಚಿನಿಂದ ತೆಗೆದಂತಿದೆ. ನೋಡಿದ ತಕ್ಷಣ ಗೊತ್ತಾಯಿತು, ಇದು ಮಗುವಿನ ಕೈಯಲ್ಲ. ನಾನು ಹನ್ನೊಂದು ವರ್ಷದಿಂದ ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿಸುವ ವಿಭಾಗ ನೋಡಿಕೊಳ್ಳುವವಳು. ಮೂವತ್ತೆರಡು ಜನರ ಮೇಜಿನ ಮಧ್ಯೆ ಓಡಾಡುತ್ತೇನೆ, ತುಂಡಿನ ಅಂಚು ನೋಡಿ ಯಾರು ಕತ್ತರಿಸಿದ್ದು ಎಂದು ಹೇಳುತ್ತೇನೆ. ಅತ್ತೆ ಮೋಸ ಮಾಡಿದ್ದಾರೆ, ಶಾಲೆಗೂ ಮೋಸ, ನನಗೂ ಮೋಸ ಎಂದುಕೊಂಡೆ. ಅದೇ ಸಿಟ್ಟಿನಲ್ಲಿ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸೂರ್ಯನ ಚಿತ್ರ, ದುಂಡಗೆ. ಕತ್ತರಿ ಎಲ್ಲಿ ಒಳಗೆ ಹೋಯಿತು, ಎಲ್ಲಿ ಬಂದು ಸೇರಿತು ಎನ್ನುವುದಕ್ಕೆ ಅಂಚಿನಲ್ಲಿ ಒಂದು ಸಣ್ಣ ಹಲ್ಲು ಉಳಿಯುತ್ತದೆ, ನಮ್ಮವರಿಗಷ್ಟೇ ಕಾಣುವಂಥದ್ದು. ಕತ್ತರಿ ಗಡಿಯಾರದ ಮುಳ್ಳಿನ ಜೊತೆ ತಿರುಗಿತ್ತು. ನನ್ನ ಮೂವತ್ತೆರಡು ಜನರಲ್ಲಿ ಹಾಗೆ ತಿರುಗಿಸುವವಳು ಒಬ್ಬಳೇ. ಎಡಗೈಯವಳು. ಅವಳ ಕತ್ತರಿಯೇ ಬೇರೆ, ಅಲಗು ಅದಲುಬದಲಾಗಿ ಕೂರಿಸಿದ್ದು. ಬೇರೆಯವರು ಎತ್ತಿಕೊಂಡು ಹೋಗಬಾರದೆಂದು ನಾನೇ ಸರಪಳಿ ಹಾಕಿಸಿ ಅವಳ ಮೇಜಿಗೆ ಕಟ್ಟಿಸಿದ್ದೇನೆ.

ಮನೆಗೆ ಬಂದವಳು ಚಪ್ಪಲಿ ಬಿಚ್ಚದೆ ಅಡುಗೆಮನೆಗೆ ಬಂದು ಒಲೆಯ ಎಡಗಡೆ ನೋಡುತ್ತಾ ನಿಂತೆ. ಎಂಟು ವರ್ಷ ಸೌಟು ನೇತುಹಾಕಿ ನೇತುಹಾಕಿ ಗೋಡೆಯ ಮೇಲೆ ಕಂದು ಕಲೆ ಬಿದ್ದಿದೆ. ನನ್ನೆದುರು ಬಡಿಸುವಾಗ ನೀವು ಚೆಲ್ಲುತ್ತಿದ್ದಿರಿ. “ಕಣ್ಣು ಕಾಣಲ್ವಾ?” ಎಂದು ನಾನು ಕೇಳುತ್ತಿದ್ದೆ. ನಾನಿಲ್ಲದಾಗ ಚೆಲ್ಲುತ್ತಿರಲಿಲ್ಲ, ಅಲ್ಲವೇ? ನಿಮ್ಮ ಮಗನನ್ನು ಕೇಳಿದೆ. ಅವರು ಪೇಪರಿನಿಂದ ಮುಖ ಎತ್ತದೆ, ಹೌದು, ಅಮ್ಮ ಎಡಗೈಯವರೇ, ಸಣ್ಣವರಿದ್ದಾಗ ಮೇಷ್ಟ್ರು ಆ ಕೈಯನ್ನು ಬೆಂಚಿಗೆ ಕಟ್ಟಿಹಾಕುತ್ತಿದ್ದರಂತೆ, ಅವತ್ತಿನಿಂದ ಜನರೆದುರು ಆ ಕೈ ತೆಗೆಯುವುದಿಲ್ಲ ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, “ನೀನು ಕೇಳಲಿಲ್ಲವಲ್ಲ” ಅಂತೆ! ಗೋಡೆ ಕೊರೆಯುವಾಗಲೂ ತುಟಿ ಪಿಟಕ್ ಎನ್ನಲಿಲ್ಲ ಪುಣ್ಯಾತ್ಮ. ಅವತ್ತು ಅವರಿಗೆ ಚಹಾ ಸಿಗಲಿಲ್ಲ.

ಪಿಟೀಲನ್ನು ಕೂರಿಸಿಕೊಂಡು ಮೆತ್ತಗೆ ಕೇಳಿದೆ. ಮೆತ್ತಗೆ ಎಂದರೆ ನನಗೆ ಸಾಧ್ಯವಾದಷ್ಟು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಎರಡು ದಿನ ಬಾಯಿ ಬಿಡಲಿಲ್ಲ, ಆ ಹಟ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಮೂರನೇ ದಿನ ಷೂ ಕಟ್ಟುವಾಗ ಹೇಳಿದಳು, “ಅಮ್ಮನ ಮುಂದೆ ಈ ಕೈ ತೆಗೀಬೇಡ ಅಂತ ಅಜ್ಜಿ ಹೇಳಿದ್ದಾರೆ. ಟೀಚರ್ ಮುಂದೇನೂ ಬೇಡ, ಅವರು ಅಮ್ಮಂಗೆ ಹೇಳ್ತಾರೆ. ನಾನು ಅಜ್ಜಿಗೆ ಮಾತು ಕೊಟ್ಟಿದ್ದೀನಿ.” ಯಾಕೆ ಎಂದೆ. ಅವಳು ಮೂರು ವರ್ಷದವಳಿದ್ದಾಗ ಎಡಗೈಯಲ್ಲಿ ಬಣ್ಣದ ಕಡ್ಡಿ ಹಿಡಿದಿದ್ದಳಂತೆ, ನಾನು ಕಿತ್ತುಕೊಂಡು, “ಥೂ, ಆ ಕೈ ಬೇಡ, ಅಸಹ್ಯ” ಎಂದೆನಂತೆ. ನನಗೆ ನೆನಪೇ ಇಲ್ಲ. ಅವಳಿಗಿದೆ. ಆವಾಗ ನೀವು ಬಾಗಿಲಲ್ಲಿ ನಿಂತಿದ್ದಿರಂತೆ.

ಈಗ ಹೇಳಿ, ಸಿಟ್ಟು ಬರಬಾರದೇ ನನಗೆ? ನಾನು ಅಂದದ್ದು ತಪ್ಪು, ಒಪ್ಪಿದೆ, ಬೇಕಾದರೆ ಬರೆದು ಸಹಿ ಹಾಕಿಕೊಡುತ್ತೇನೆ. ಆದರೆ ನೀವು? ನನ್ನ ಕಿವಿ ಹಿಂಡಿ, ಹೀಗೆಲ್ಲ ಮಗುವಿಗೆ ಅನ್ನಬೇಡ, ನಾನೂ ಹಾಗೇ ಹುಟ್ಟಿದವಳು ಎಂದು ಒಂದು ಮಾತು ಹೇಳಬಹುದಿತ್ತು. ಹೇಳದೆ, ಮಗುವಿಗೆ ಬಚ್ಚಿಡುವುದು ಕಲಿಸಿದಿರಿ. ಶಾಲೆಯಿಂದ ಅವಳು ಬರುವುದು ಮೂರಕ್ಕೆ, ನಾನು ಬರುವುದು ಆರಕ್ಕೆ. ಆ ಮೂರು ಗಂಟೆಗಳಲ್ಲಿ ನೀವಿಬ್ಬರೂ ಬಾಗಿಲು ಹಾಕಿಕೊಂಡು ಬೇರೆಯೇ ಸಂಸಾರ ನಡೆಸಿದಿರಿ. ಅವಳು ಎಡಗೈಯಲ್ಲಿ ಬರೆಯುವುದು, ಎಡಗೈಯಲ್ಲಿ ಕತ್ತರಿಸುವುದು, ಸೊಟ್ಟಗಾದದ್ದನ್ನು ನೀವು ಬಿಸಾಕಿ ಹೊಸ ಹಾಳೆಯಲ್ಲಿ ಕತ್ತರಿಸಿಕೊಡುವುದು. ಗೇಟಿನ ಸದ್ದಾದರೆ ಎಲ್ಲರ ಕೈಯೂ ಬಲಗೈ! ಮೇಲಧಿಕಾರಿ ಬಂದಾಗ ನನ್ನ ಹುಡುಗಿಯರು ಫೋನು ಬಚ್ಚಿಡುವ ಹಾಗೆ. ನಾನು ಈ ಮನೆಗೆ ತಾಯಿಯಾಗಿ ಬರುತ್ತಿದ್ದೇನೆ ಎಂದುಕೊಂಡಿದ್ದೆ ಅತ್ತೆ, ದಿನಾ ತಪಾಸಣೆಗೆ ಬರುತ್ತಿದ್ದೆ ಎಂದು ಗೊತ್ತಿರಲಿಲ್ಲ. ಇದನ್ನು ನಾನು ಬೇಗ ಮರೆಯುವುದಿಲ್ಲ. ಹಾಂ, ಒಂದು ಮಾತು, ಕೆಲಸದ ಮಾತಷ್ಟೇ, ಹೊಗಳಿಕೆ ಎಂದುಕೊಳ್ಳಬೇಡಿ. ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗು ಬಾಯಿ ಬಿಡುತ್ತದೆ, ಕಾಗದ ಮಡಚಿಕೊಳ್ಳುತ್ತದೆ, ಗೆರೆ ಅಲಗಿನ ಹಿಂದೆ ಮರೆಯಾಗುತ್ತದೆ. ಅಂಥ ಕತ್ತರಿಯಲ್ಲಿ ನೀವು ಆ ಸೂರ್ಯನನ್ನು ಕತ್ತರಿಸಿದ್ದೀರಿ. ನನ್ನ ಮೂವತ್ತೆರಡು ಜನರಲ್ಲಿ ಒಬ್ಬರಿಂದಲೂ ಆಗುವುದಿಲ್ಲ, ನನ್ನಿಂದಲೂ ಇಲ್ಲ.

ನಾನು ಕೈಕಟ್ಟಿ ಕೂತಿಲ್ಲ. ಟೀಚರಿಗೆ ಎಲ್ಲ ಹೇಳಿದೆ. ಯಾವ ಕೈಯಾದರೇನು, ಮಾಡಿ ತೋರಿಸಲಿ, ನನ್ನದೇನೂ ಅಡ್ಡಿಯಿಲ್ಲ ಎಂದರು ಆ ತಾಯಿ. ಕಾರ್ಖಾನೆಗೆ ಕತ್ತರಿ ತಂದುಕೊಡುವವರ ಹತ್ತಿರ ಹೇಳಿ ಎಡಗೈಯ ಕತ್ತರಿ ತರಿಸಿದೆ, ಸಣ್ಣದು, ಹಸಿರು ಹಿಡಿಯದು. ಪಿಟೀಲು ಅದನ್ನು ನೋಡಿದಳು, ಬೆರಳ ತುದಿಯಿಂದ ಮುಟ್ಟಿದಳು, ಕೈಯನ್ನು ಮತ್ತೆ ತೊಡೆಯ ಕೆಳಗಿಟ್ಟಳು. ನನ್ನ ಎದುರೇ ಮಾಡು, ಸಂತೋಷಪಡುತ್ತೇನೆ ಎಂದೆ. ಬೇಡಿಕೊಂಡೆ. ಒಂದು ದಿನ ಅವಳೆದುರು ನಾನೇ ಎಡಗೈಯಲ್ಲಿ ಚಿಟ್ಟೆ ಕತ್ತರಿಸಲು ಹೋಗಿ ಹೆಬ್ಬೆರಳು ಕೊಯ್ದುಕೊಂಡೆ. ಅದಕ್ಕೆ ನಕ್ಕಳು, ಎರಡು ತಿಂಗಳಲ್ಲಿ ಮೊದಲ ಸಲ. ಬ್ಯಾಂಡೇಜನ್ನೂ ತಂದುಕೊಟ್ಟಳು, ಬಲಗೈಯಲ್ಲಿ. ಅಪ್ಪ ಹೇಳಿದರೂ ಇಲ್ಲ, ಟೀಚರು ಹೇಳಿದರೂ ಇಲ್ಲ. ಈಗ ಬಲಗೈಯಲ್ಲೂ ಬರೆಯುವುದನ್ನು ಬಿಟ್ಟಿದ್ದಾಳೆ. ನಿನ್ನೆ ಕೇಳಿದಳು, ಚಿಕ್ಕ ಮಕ್ಕಳ ಕುರ್ಚಿಯಲ್ಲಿ ನಾನು ಹಿಡಿಸ್ತೀನಾ ಅಂತ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ.

ಇಷ್ಟೇ ಸಮಾಚಾರ. ನಾದಿನಿಗೆ ಕೇಳಿದೆನೆಂದು ಹೇಳಿ, ಹೇಳದಿದ್ದರೂ ನಡೆದೀತು. ಮಂಡಿಯ ಮೇಲೆ ಭಾರ ಹಾಕಬೇಡಿ. ಔಷಧ ತಪ್ಪಿಸಬೇಡಿ. ದೊಡ್ಡವರು ಎಂದು ನಮಸ್ಕಾರ ಮಾಡುತ್ತೇನೆ, ಸಿಟ್ಟು ಹಾಗೇ ಇದೆ.

ಇಂತಿ,
ಈ ಮನೆಯ ಸೊಸೆ

ತಾ.ಕ.: ನಿಮ್ಮ ಮಗ ಟಪಾಲಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಪಿಟೀಲು ನಿಮಗೆ ಕೊಟ್ಟ ಮಾತನ್ನು ನೀವೇ ಬಿಡಿಸಬೇಕಂತೆ, ಫೋನಿನಲ್ಲಿ ಅಲ್ಲ, ಎದುರಿಗೇ. ಹದಿನೇಳನೇ ತಾರೀಖು ಬುಧವಾರದೊಳಗೆ ಬನ್ನಿ. ಕೊಕ್ಕೆ ಇನ್ನೂ ಬಲಗಡೆಯೇ ಇದೆ. ಇವರು ಕೀಳುತ್ತೇನೆಂದರು, ಮುಟ್ಟಗೊಡಲಿಲ್ಲ. ಸ್ಕ್ರೂಡ್ರೈವರ್ ಒಲೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಪಿಟೀಲನ್ನೂ ನನ್ನನ್ನೂ ಎದುರಿಗೆ ನಿಲ್ಲಿಸಿಕೊಂಡು ಎರಡೂ ಸ್ಕ್ರೂ ನೀವೇ ಬಿಚ್ಚಿ, ಎಡಗೈಯಲ್ಲಿ.