ಹುಣಸೆಹಣ್ಣಿಗೆ ಹೋದ ಅಕ್ಷರಗಳು

ಡುಲುತ್, ಶನಿವಾರ

ಅತ್ತಿಗೆ, ಅವಸರದಲ್ಲಿ ಬರೀತಿದೀನಿ, ಬರಹ ಓರೆಯಾಗಿದ್ರೆ ಬೈಕೋಬೇಡಿ.

ಪಕ್ಕದ್ಮನೆ ಚೀನಾದ ಮೇಷ್ಟ್ರು ವಾಷಿಂಗ್ಟನ್‌ಗೆ ಹೋಗುವಾಗ, ಗಿಡಕ್ಕೆ ನೀರು ಹಾಕಿ ಅಂತ ಬೀಗದ ಕೈ ಕೊಟ್ಟಿದ್ರು. ಹಳೇ ಕಂಚಿನ ಪಾತ್ರೆ ಕೂಡಿಟ್ಟು, ಅದರೊಳಗಿನ ಬರಹ ಓದೋದು ಅವರಜ್ಜನ ಕಾಲದಿಂದ ಆ ಮನೆಯ ವಿದ್ಯೆ. ಮೂರು ಕಾಲಿನ ಪಾತ್ರೆಯೊಂದು ಪೂರ್ತಿ ಕಿಲುಬು ಹಿಡಿದಿತ್ತು. ಪಾಪ, ಒಂಟಿ ಗಂಡಸಿನ ಮನೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟೆ. ದೇವರ ದೀಪದ ಹಾಗೆ ಫಳಫಳ ಅಂತು. ಆದ್ರೆ ಒಳಗಿದ್ದ ಒಂಬತ್ತು ಅಕ್ಷರದಲ್ಲಿ ಆರು ಹೊರಟೇಹೋದ್ವು!

ಹಳೇ ಪಾತ್ರೆಲಿ ಆ ಕಿಲುಬಿನ ಹಸಿರಿಗೇ ಬೆಲೆ ಅಂತ ನಮ್ಮ ಹರಿಣಿ ತಲೆ ಚಚ್ಚಿಕೊಂಡಳು. ಆಮೇಲೆ ನೆಟ್‌ನಲ್ಲಿ ಓದಿ, "ಅಮ್ಮಾ, ಎರಕದ ಅಕ್ಷರ ತಿಕ್ಕಿದ್ರೆ ಹೋಗಲ್ಲ. ಬೆಲೆ ಏರಲಿ ಅಂತ ಇವನ್ನ ಯಾರೋ ಮೇಣದಲ್ಲಿ ಕೂರಿಸಿ ಮಾರಿದ್ದಾರೆ" ಅಂದಳು. ಆ ಒಂಬತ್ತು ಅಕ್ಷರದ ಮೇಲೆ ಅವರಜ್ಜ ಪುಸ್ತಕವನ್ನೇ ಬರೆದಿದ್ದಾರೆ, ಅತ್ತಿಗೆ! ನಾನು ತಿಕ್ಕಿದ್ದನ್ನ ಹೇಳಲೋ, ಅಜ್ಜ ಮೋಸಹೋಗಿದ್ದನ್ನ ಹೇಳಲೋ?

ಬೆಳಿಗ್ಗೆಯೇ ಬಿಪಿ ಮಾತ್ರೆ ನುಂಗಿದ್ದೂ ಆಯ್ತು. ಅಗೋ, ಮೇಷ್ಟ್ರ ಕಾರು ಬಂತು. ನನ್ನ ಉಗುರಿನ ಹಸಿರು ಇನ್ನೂ ಹೋಗಿಲ್ಲ.

ವಾರಿಜ