ಮಾವನ ಸ್ನಾನದ ಹಾಡು

ಜನವರಿ ೯, ಶುಕ್ರವಾರ

ಹೊಸ ಗೀಸರ್ ಆಯ್ಕೆ ಮಾಡುವ ತಲೆನೋವು ಇವತ್ತು ಮುಗಿಯಿತು. ಪೈಪಿನ ಗ್ಯಾಸ್ ನಮ್ಮ ಬೀದಿಯ ಕಡೆ ಇನ್ನೂ ತಲೆ ಹಾಕಿಲ್ಲ. ಸಿಲಿಂಡರಿನದು ತಂದರೆ ಮೈಗೆಲ್ಲ ಸೋಪು ಹಚ್ಚಿಕೊಂಡಾಗಲೇ ಖಾಲಿಯಾಗುತ್ತದೆ ಎಂದು ನಾನು. ಕರೆಂಟಿನದು ತಂದರೆ ಬಿಲ್ಲು ನೋಡಿಯೇ ಮೈ ಬಿಸಿಯಾಗುತ್ತದೆ ಎಂದು ಇವರು. ಅಂಗಡಿಯಲ್ಲೂ ಅದೇ ಜಗಳ.

ಮಾವ ನಮ್ಮ ಗೊಡವೆಗೇ ಬರಲಿಲ್ಲ. ಗಿರಾಕಿಗಳಿಗೆ ತೋರಿಸಲೆಂದು ಜೋಡಿಸಿಟ್ಟಿದ್ದ ಗೀಸರಿನ ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟಿದ್ದರು. ಅಂಗಡಿಯವನು ನಲ್ಲಿ ನಿಲ್ಲಿಸಲು ಹೋದರೆ, "ಇರಪ್ಪಾ, ಇನ್ನೊಂಚೂರು" ಎಂದರು.

ನನಗೆ ಆಗಲೇ ಹೊಳೆದದ್ದು. ಹಳೆಯ ಗೀಸರಿನ ಬಿಸಿನೀರು ನಮ್ಮಿಬ್ಬರಿಗೇ ಮುಗಿದುಹೋಗುತ್ತಿತ್ತು. "ನೀವು ಕೆಲಸಕ್ಕೆ ಹೋಗೋರು, ಮೊದಲು ಮುಗಿಸ್ಕೊಳ್ಳಿ. ನಂಗೆ ತಣ್ಣೀರೇ ಇಷ್ಟ" ಎಂದು ಮಾವ ಕೊನೆಗೆ ಹೋಗುತ್ತಿದ್ದರು. ಒಳಗಿಂದ ಹಾಡು ಕೇಳುತ್ತಿತ್ತು. ಚಳಿಗಾಲದಲ್ಲಿ ಇನ್ನೂ ಜೋರು. ಖುಷಿಗೆ ಹಾಡುತ್ತಾರೆ ಅಂದುಕೊಂಡಿದ್ದೆವು, ನಾವೆಂಥ ಪೆದ್ದರು! ಹಲ್ಲು ಕಟಕಟಿಸುವುದನ್ನು ರಾಗದಲ್ಲಿ ಮುಚ್ಚಿಟ್ಟ ಆ ಕಲಾವಿದರಿಗೆ ಏನು ಹೇಳಲಿ?

ಕರೆಂಟಿನದೇ, ದೊಡ್ಡ ಟ್ಯಾಂಕಿನದು ಕೊಡಿ ಎಂದುಬಿಟ್ಟೆ.

"ಅಷ್ಟು ದೊಡ್ಡದು ಯಾಕಮ್ಮಾ? ನಾನಂತೂ ತಣ್ಣೀರಿನೋನು" ಎಂದರು ಮಾವ.

"ನಿಮ್ಮ ಮಗನಿಗೆ, ಮಾವ. ಎಷ್ಟು ಸುರ್ಕೊಂಡ್ರೂ ಸಾಲಲ್ಲ."

ದಿನಾ ಕಾಗೆ ಸ್ನಾನ ಮಾಡುವ ಇವರು ಬಾಯಿ ತೆರೆದರು. ಕಾಲು ತುಳಿದೆ.

ನಾಳೆ ಬಂದು ಕೂರಿಸುತ್ತಾರೆ. ನೀರು ಸರಿಯಾಗಿ ಕಾಯುತ್ತದೋ ನೋಡಿ ಹೇಳಿ ಎಂದು ಮಾವನನ್ನೇ ಮೊದಲು ಕಳಿಸುತ್ತೇನೆ. ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳಬೇಕು, ಬೆಚ್ಚಗಿರುವಾಗಲೂ ಹಾಡುತ್ತಾರೋ, ಇಲ್ಲಾ ಸುಮ್ಮನೆ…