ಸಾವಿರದ ನಾನೂರ ಎಂಬತ್ತರ ಕೊನೆಯ ಶುಕ್ರವಾರ

೧೦ ನವೆಂಬರ್ ೧೯೭೮, ಶುಕ್ರವಾರ

ಸ್ವಸ್ತಿ! ಶ್ರೀಮನ್ಮಹಾರಾಜಾಧಿರಾಜ, ಕುರಿಗಾಹಿ ಕುಲಪಾಲಕ, ಉಣ್ಣೆದರ ಘೋಷಣಾ ಧುರಂಧರ, ಮುಂಡಾರಾ ಪುರವರಾಧೀಶ್ವರ, ಸಾವಿರದ ನಾನೂರ ಎಂಬತ್ತು ಕಿಲೋಹರ್ಟ್ಜ್ ಪ್ರಭುಗಳು ಆಕಾಶರಾಜ್ಯವನ್ನು ಸುಖಸಂಕಥಾವಿನೋದದಿಂದ ಆಳುತ್ತಿರಲಾಗಿ, ಅವರ ಪಾದಸೇವಕನೂ ಸ್ಟುಡಿಯೋದಲ್ಲಿ ರೆಕಾರ್ಡು ತಿರುಗಿಸುವವನೂ ಆದ ಲಯಲ್ ಪೆಟಿಫರ್ ಬಿನ್ನವಿಸಿಕೊಳ್ಳುವುದೇನೆಂದರೆ — ಪ್ರಭುಗಳಿಗೆ ಇನ್ನು ಎರಡು ವಾರವೂ ಆಯುಸ್ಸಿಲ್ಲ.

ಸರ್ಕಾರದ ಆಜ್ಞೆ. ಇಪ್ಪತ್ತಮೂರರ ಬೆಳಿಗ್ಗೆ ಆಸ್ಟ್ರೇಲಿಯಾದ ರೇಡಿಯೋ ಸ್ಟೇಷನ್‌ಗಳು ಒಟ್ಟಿಗೇ ಜಾಗ ಬದಲಿಸಬೇಕು. ಒಂದಕ್ಕೊಂದು ಹತ್ತು ಕಿಲೋಹರ್ಟ್ಜ್ ಅಂತರವಿತ್ತು, ಇನ್ನು ಒಂಬತ್ತು. ಬಸ್ಸಿನ ಸೀಟಿನಲ್ಲಿ ಸ್ವಲ್ಪ ಒತ್ತಿ ಕೂತಂತೆ, ಹೊಸಬರಿಗೂ ಜಾಗವಾಗಲಿ ಅಂತ. ನಾವು ೧೪೮೫ಕ್ಕೆ.

ಇವತ್ತು ಚೀರಿಯೋ ದಿನ. ಕೇಳುಗರು ತಮ್ಮವರಿಗೆ ಬರೆದು ಕಳಿಸಿದ ಶುಭಾಶಯಗಳನ್ನು ಸಂಜೆ ಎಂಟಕ್ಕೆ ಮಿಸ್ಟರ್ ಕ್ವಿಗ್ ಓದುತ್ತಾರೆ. ನಮ್ಮ ಹಿರಿಯ ಉದ್ಘೋಷಕರು. ಹುಟ್ಟುಹಬ್ಬವನ್ನೂ ಮರಣವಾರ್ತೆಯ ದನಿಯಲ್ಲಿ ಓದುವ ಮಹಾನುಭಾವರು. ಮಿಸೆಸ್ ಯುಡೋರಾ ಪಿಂಚ್‌ಬೆಕ್ ಎಂಬ ಮಂಡಿನೋವಿನ ವಿಧವೆ ಇದ್ದಾರೆಂದು ಪೂರ್ತಿ ನಂಬಿದ್ದಾರೆ. ಇಲ್ಲ. ಆಕೆಯ ಹೆಸರಲ್ಲಿ ಬರೆಯುವವನು ನಾನು. ಆಕೆಗೆ ಮರುಶುಭಾಶಯ ಕಳಿಸುವ ಕರ್ನಲ್ ಬಾರ್ತಲೋಮ್ಯೂ ಸ್ನೈಪ್ ಕೂಡ ಇಲ್ಲ. ಅದು ಕೊರಲಿ ಹ್ಯಾಚ್.

ಕೊರಲಿ ಹೋದ ವರ್ಷ ನಮ್ಮ ಮುಂದಿನ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದಳು. ನಕ್ಕರೆ ಗಾಜಿನಾಚೆಗೂ ಕೇಳುತ್ತಿತ್ತು. ಫೆಬ್ರವರಿಯಲ್ಲಿ ಟಿಲ್ಪಗೀಗೆ ಹೋದಳು. ದೂರದ ಪಶ್ಚಿಮದ ಕುರಿ ಫಾರಂ ಅದು, ಅಲ್ಲಿನ ಯಜಮಾನನ ಮಕ್ಕಳಿಗೆ ಪಾಠ ಹೇಳಲು. ಹೊತ್ತು ಮುಳುಗಿದ ಮೇಲೆ ನಮ್ಮ ದನಿ ಅಲ್ಲಿಗೂ ಮುಟ್ಟುತ್ತದೆ. ಅಷ್ಟೇ ನನಗುಳಿದದ್ದು.

ಇವತ್ತು ಮಿಸ್ಟರ್ ಕ್ವಿಗ್ ಗಂಟಲು ಸರಿಮಾಡಿಕೊಂಡು ಓದಿದರು: "ಕರ್ನಲ್ ಸ್ನೈಪ್ ಅವರು ಮಿಸೆಸ್ ಪಿಂಚ್‌ಬೆಕ್ ಅವರಿಗೆ ತಿಳಿಸೋದೇನಂದ್ರೆ, ತಮ್ಮ ಎಮು ಹಕ್ಕಿಗೆ ಒಂದೇ ಕಣ್ಣಾದ್ರೂ ಮನುಷ್ಯರ ಗುರುತು ಸಿಗುತ್ತೆ. ಕರ್ನಲ್ ಕ್ರಿಸ್‌ಮಸ್‌ಗೆ ಅಡಿಲೇಡಿಗೆ ಹೊರಡ್ತಾರೆ. ವಾಪಸ್ ಬರೋದು ಅನುಮಾನ. ಅಷ್ಟರೊಳಗೆ ಒಂದ್ಸಲ ಬರ್ತೀರಾ? ಬರುವಾಗ ವೇಷ ಬೇಡ."

ವೇಷ ಬೇಡ.

ಮುಂದಿನ ರೆಕಾರ್ಡು ಹಾಕುವುದು ಮರೆತೇಹೋಯಿತು. ಊರಿಗೆಲ್ಲ ನಿಶ್ಶಬ್ದ ಪ್ರಸಾರ. ಗಾಜಿನಾಚೆಯಿಂದ ಮಿಸ್ಟರ್ ಕ್ವಿಗ್ — "ಲಯಲ್! ಬದುಕಿದ್ಯೇನಪ್ಪಾ?"

೧೬ ನವೆಂಬರ್, ಗುರುವಾರ

ಇಡೀ ದಿನ ಸ್ಟಿಕ್ಕರ್ ಕೆಲಸ. ರೇಡಿಯೋದ ಮುಳ್ಳು ಎಲ್ಲಿ ನಿಲ್ಲಬೇಕೆಂದು ತೋರಿಸುವ ಕೆಂಪು ಬಾಣ. ಮನೆಮನೆಗೆ ಕಳಿಸಬೇಕು. ಲಕೋಟೆ ನೆಕ್ಕಿ ನೆಕ್ಕಿ ನಾಲಿಗೆಯೆಲ್ಲ ಗೋಂದು.

ನಾಳೆ ಹಳೆಯ ಜಾಗದಲ್ಲಿ ಕೊನೆಯ ಚೀರಿಯೋ. ಉತ್ತರ ಬರೆದಿದ್ದೇನೆ — "ಮಿಸೆಸ್ ಪಿಂಚ್‌ಬೆಕ್ ಬರುವುದಿಲ್ಲ. ಅವರ ಬದಲು ಲಯಲ್ ಪೆಟಿಫರ್ ಬರುತ್ತಾನೆ. ಬಹಳ ದಿನದಿಂದ ಬರಬೇಕೆಂದಿದ್ದ."

ಅಮ್ಮ ಕೇಳುತ್ತಾಳೆ. ಪಬ್ಬಿನವರು ಕೇಳುತ್ತಾರೆ. ಆಮೇಲೆ ಈ ಊರಲ್ಲಿ ನನ್ನ ತಮಾಷೆಗೆ ಯಾರೂ ನಗುವುದಿಲ್ಲ, ನನ್ನನ್ನು ನೋಡಿಯೇ ನಗುತ್ತಾರೆ. ಆಗಲಿ.

೨೩ ನವೆಂಬರ್, ಗುರುವಾರ

ಪ್ರಭುಗಳು ಬೆಳಗಿನ ಜಾವ ತೀರಿಕೊಂಡರು. ಎಂಜಿನಿಯರ್ ವರ್ನ್ ಜೆಸಪ್ ಹಳೆಯ ಕ್ರಿಸ್ಟಲ್ ಕಿತ್ತು ಹೊಸದು ಕೂರಿಸಿದ. ಬೆರಳುಗುರಿನಷ್ಟು ಗಾಜಿನಂಥ ಚೂರು, ಇಷ್ಟು ವರ್ಷ ನಮ್ಮನ್ನು ಆ ಜಾಗದಲ್ಲಿ ಹಿಡಿದಿಟ್ಟಿದ್ದು ಅದೇ. ನಾನು ಕಪ್ಪು ಟೈ ಕಟ್ಟಿಕೊಂಡು ಹೋಗಿದ್ದೆ. ಮಿಸ್ಟರ್ ಕ್ವಿಗ್ ಭುಜ ತಟ್ಟಿ, "ಒಳ್ಳೇ ಸಂಸ್ಕಾರ ಕಣಪ್ಪಾ" ಅಂದರು. ತಮಾಷೆ ಮಾಡಿ ಹೊಗಳಿಸಿಕೊಳ್ಳುವಂಥ ಅವಮಾನ ಇನ್ನೊಂದಿಲ್ಲ.

ಫೋನು ಒಂದೇ ಸಮ. ಒಬ್ಬ ಮುದುಕ: "ಕಾರಿನ ರೇಡಿಯೋದಲ್ಲಿ ನಿಮ್ಮ ಗುಂಡಿ ಒತ್ತಿದ್ರೆ ಬರೀ ಸಿಳ್ಳೆ ಬರುತ್ತಲ್ರೀ!"

"ಹೊಸ ಜಾಗಕ್ಕೆ ಮುಳ್ಳು ತಿರುಗಿಸಿ, ಗುಂಡಿ ಹೊರಗೆಳೆದು, ಮತ್ತೆ ಒಳಗೆ ಒತ್ತಿ ಸಾರ್."

ಕಾರಿನ ಹತ್ತಿರ ಹೋಗಿಬಂದು — "ಎಳೆದೆ. ಈಗ ಕೈಯಲ್ಲಿದೆ. ಏನ್ಮಾಡ್ಲಿ?"

ನಗು ಬರಬೇಕಿತ್ತು.

೧ ಡಿಸೆಂಬರ್, ಶುಕ್ರವಾರ

ಹೋದ ವಾರ ಸ್ನೈಪ್ ಇಲ್ಲ. ಈ ವಾರವೂ ಇಲ್ಲ.

ಟಿಲ್ಪಗೀ ಕಡೆಗೆ ಟಪಾಲು ಲಾರಿ ಓಡಿಸುವ ಕ್ಲಾರಿ ಡ್ವಾಯರ್ ಪಬ್ಬಿನಲ್ಲಿ ಸಿಕ್ಕಿದ. ಅಲ್ಲಿನವರು ಸ್ಟಿಕ್ಕರ್ ಹಚ್ಚಿದರಾ ಅಂತ ಕೇಳಿದೆ, ಕೆಲಸದ ವಿಷಯ ಕೇಳುವವನ ಹಾಗೆ.

"ಹಚ್ಚೋದೇನು ಬಂತು ಮಗಾ! ಉಣ್ಣೆ ಕತ್ತರಿಸೋ ಹುಡುಗ್ರು ಕುದುರೆ ರೇಸಿಗೆ ತಿರುಗಿಸ್ತಾರೆ ಅಂತ, ಅಲ್ಲಿನ ಯಜಮಾನ ಅಡುಗೆಮನೆ ರೇಡಿಯೋದ ತಿರುಗಣೆಗೆ ಯಾವತ್ತೋ ಅಂಟು ಹಾಕ್ಬಿಟ್ಟವ್ನೆ. ಅದಿನ್ನು ನಿಮ್ಮ ಹಳೇ ಜಾಗದಲ್ಲೇ ಸಾಯೋದು."

ಹಾಗಾದರೆ ಅದೇ ಕಾರಣ. ಅದೇ.

"ಯಾಕೋ ಮುಖ ಹಂಗ್ ಮಾಡ್ತೀಯಾ? ಏನಾದ್ರೂ ಹೇಳ್ಬೇಕಿದ್ರೆ ಹೇಳು, ಮಂಗಳವಾರ ಹೋಗ್ತೀನಿ. ಪಕ್ಕದ ಸೀಟೂ ಖಾಲಿ."

"ಡ್ಯೂಟಿ ಇದೆ" ಅಂದೆ.

ಸ್ಟೇಷನ್ನಿಗೆ ಹಿಂತಿರುಗಿದಾಗ ಹೆಂಗಸರ ಸಂಘದಿಂದ ಫೋನು. ಕರ್ನಲ್‌ಗೂ ಮಿಸೆಸ್ ಪಿಂಚ್‌ಬೆಕ್‌ಗೂ ಇನ್ನೇನು ಮದುವೆ ಅಂತ ಫ್ರೂಟ್‌ಕೇಕ್ ಬ್ರಾಂದಿಯಲ್ಲಿ ನೆನೆಹಾಕಿಟ್ಟಿದ್ದಾರಂತೆ. ಫ್ರೀಕ್ವೆನ್ಸಿ ಅಡ್ಡ ಬಂತು ಅಂದೆ. "ಅಯ್ಯೋ, ಈ ಸರ್ಕಾರಕ್ಕೆ ಹೆಣ್ಣುಮಕ್ಕಳ ಶಾಪ ತಟ್ಟದೆ ಇರುತ್ತಾ!"

೮ ಡಿಸೆಂಬರ್

ಪ್ರಸಾರ ಕಂಬದ ಹತ್ತಿರ ಹೋಗಿ ಕೂತಿದ್ದೆ. ತಂತಿಗಳು ಗುಂಯ್ ಅನ್ನುತ್ತಿದ್ದವು. ಪಶ್ಚಿಮಕ್ಕೆ ಕೆಂಪು ನೆಲ, ಅದರ ಮೇಲೆ ಅಷ್ಟೇ ಕೆಂಪು ಆಕಾಶ. ಅಲ್ಲೀಗ ಕೊರಲಿ ಮಕ್ಕಳಿಗೆ ಮಾಂಸದ ಊಟ ಬಡಿಸಿ, ಕೈ ಒರೆಸಿಕೊಂಡು, ರೇಡಿಯೋ ಕಡೆ ನೋಡುತ್ತಿರಬಹುದು... ಅಂಟಿಕೊಂಡ ತಿರುಗಣೆ. ಬರೀ ಸಿಳ್ಳೆ. ಅದರಾಚೆ ಇಷ್ಟೇ ಇಷ್ಟು ದೂರದಲ್ಲಿ ನಾನು.

ವರ್ನ್‌ನನ್ನು ಕೇಳಿದೆ, ಒಂದೇ ಒಂದು ಸಂಜೆ ಹಳೆಯ ಕ್ರಿಸ್ಟಲ್ ಹಾಕಬಹುದಾ ಅಂತ.

"ಹಾಕ್ಬೋದು. ಜೈಲಿಗೆ ನೀನು ಹೋಗ್ತೀಯೋ, ನಾನೋ?"

೧೯ ಡಿಸೆಂಬರ್, ಮಂಗಳವಾರ

ಕ್ಲಾರಿ ಬಂದಿದ್ದ. ಕೊರಲಿ ಇವತ್ತು ಅವನ ಲಾರಿಯಲ್ಲೇ ರೈಲಿಗೆ ಬಂದಳಂತೆ. ಅಡಿಲೇಡಿಗೆ. ಪೆಟ್ಟಿಗೆ ಎಲ್ಲ ತಗೊಂಡು.

"ಒಳ್ಳೇ ಹುಡುಗಿ ಕಣೋ. ದಾರಿಯುದ್ದಕ್ಕೂ ನಗಿಸಿದ್ಲು. ರೈಲ್ವೆ ಸ್ಟೇಷನ್ ಹತ್ರ ಬಂದ್ಮೇಲೆ ಒಂದು ಕೇಳಿದ್ಲು — ಹದಿನೇಳ್ನೇ ತಾರೀಕು ಮಿಸೆಸ್ ಪಿಂಚ್‌ಬೆಕ್‌ಗೆ ಮೈಗೇನಾದ್ರೂ ಹುಷಾರಿರಲಿಲ್ವಾ ಅಂತ. ಅವತ್ತು ಮಕ್ಕಳನ್ನ ಬೇಗ ಮಲಗಿಸಿ, ಒಲೆ ಪಕ್ಕ ಕೂತು, ಚೀರಿಯೋ ಪೂರ್ತಿ ಕೇಳಿದ್ಲಂತೆ. ಗಂಟೆ ಹೊಡೆದಂಗೆ ಕೇಳಿಸ್ತಂತೆ. ಯಾರೋ ಅದು ಪಿಂಚ್‌ಬೆಕ್ಕು? ನಿಮ್ಮ ಅತ್ತೆನಾ?"

ಹೌದು ಅಂದೆ. ಮಂಡಿನೋವು ಅಂದೆ.

ಫ್ರೀಕ್ವೆನ್ಸಿ, ಅಂಟು, ಸರ್ಕಾರ... ಈ ಪುಟಗಳನ್ನು ಯಾರೂ ಓದುವುದಿಲ್ಲ. ಬರೆದುಬಿಡಬಹುದು. ಹದಿನೇಳರ ಸಂಜೆ ನನ್ನ ಉತ್ತರ ಮಿಸ್ಟರ್ ಕ್ವಿಗ್ ಅವರ ರಾಶಿಯಲ್ಲಿತ್ತು. ಮೇಲಿನಿಂದ ಎರಡನೆಯದು. ಅವರು ನೀರು ಕುಡಿಯಲು ಆ ಕಡೆ ತಿರುಗಿದಾಗ, ನಾನೇ ಕೈ ಹಾಕಿ ಅದನ್ನು ತೆಗೆದು ಜೇಬಿಗಿಟ್ಟುಕೊಂಡೆ.